ಸ್ಟ್ರೈಕರ್‌ಗೆ ಅಜ್ಜಿಯ ಚೌಕಾಸಿ

"ಮುನ್ನೂರಕ್ಕೆ ಒಬ್ಬನೇನಾ?" ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಜ್ಜಿ ಕೇಳಿದಳು. "ಜೊತೆಗೆ ಏನೂ ಬರಲ್ವಾ?"

"ಅವನು ಸ್ಟ್ರೈಕರ್ ಅಜ್ಜಿ! ಬಿರುಗಾಳಿ ಅಂತ ಹೆಸರು. ನನ್ನ ಟೀಮಲ್ಲಿರೋ ಸ್ಟ್ರೈಕರ್ ಬಾಲ್ ಹತ್ರ ಹೋಗೋಷ್ಟರಲ್ಲಿ ಹಾಫ್‌ಟೈಮ್ ಆಗಿರುತ್ತೆ!"

ಚೂಟಿ ಫೋನನ್ನು ಅಜ್ಜಿಯ ಮೂಗಿನವರೆಗೂ ಒಯ್ದಳು. ಫುಟ್‌ಬಾಲ್ ಗೇಮಿನ ಹೊಳೆಯುವ ಕಾರ್ಡಿನಲ್ಲಿ ಬಿರುಗಾಳಿ ಕೈಕಟ್ಟಿ ನಿಂತಿದ್ದ. ಕೆಳಗೆ ಕೆಂಪು ಅಕ್ಷರ ಮಿಣುಕುತ್ತಿತ್ತು: 'ಈಗಲೇ ಕೊಳ್ಳಿ! ಇನ್ನು ಒಂದೇ ಗಂಟೆ!'

ಭಾನುವಾರ ಮೇಲಿನ ಮನೆಯ ಹುಡುಗನ ಜೊತೆ ಮ್ಯಾಚಿತ್ತು. ದಪ್ಪ ಕನ್ನಡಕದಿಂದಾಗಿ ಅವನಿಗೆ ಸೋಡಾಬುಡ್ಡಿ ಎಂಬ ಹೆಸರು ಬಿದ್ದಿತ್ತು, ಕರೆದರೆ ಓಗೊಡುತ್ತಲೂ ಇದ್ದ. ಹೋದ ಸಲ ಅವನು ಚೂಟಿಗೆ ಏಳು ಗೋಲು ಹೊಡೆದು, ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿ ಹೋಗಿದ್ದ. ಆ ಶಿಳ್ಳೆ ಇನ್ನೂ ಅವಳ ಕಿವಿಯಲ್ಲಿತ್ತು.

ಹುಟ್ಟುಹಬ್ಬದ ದುಡ್ಡು ಅಮ್ಮನ ಬಳಿ ಇತ್ತು. ಕೆಲಸಕ್ಕೆ ಹೊರಟ ಅವಸರದಲ್ಲಿ ಅಮ್ಮ, "ಅಜ್ಜಿ ಹೂಂ ಅಂದ್ರೆ ತಗೋ" ಎಂದುಬಿಟ್ಟಿದ್ದಳು. ಅದು ಬೇಡ ಎನ್ನುವುದಕ್ಕಿಂತಲೂ ಕಷ್ಟದ ಮಾತು.

ಅಜ್ಜಿ ಮನೆಯಲ್ಲೇ ಕೂತು ಬಟ್ಟೆಯ ಚೀಲ ಹೊಲಿದು ಮಾರುತ್ತಿದ್ದಳು. ಅವಳು ಬರುವುದು ಕಂಡರೆ ಬಟ್ಟೆಯಂಗಡಿಯವರು ಮೊದಲು ಒಂದು ಲೋಟ ನೀರು ಕುಡಿದು, ಆಮೇಲೆ ಬೆಲೆ ಹೇಳುತ್ತಿದ್ದರು. ಅಕ್ಕಪಕ್ಕದಲ್ಲಿ ಯಾರೇ ಹೊಸ ಬಕೆಟ್ ತಂದರೂ ಅಜ್ಜಿ ಬೆಲೆ ಕೇಳದೆ ಬಿಡುವವಳಲ್ಲ. ಕೇಳಿದ ಮೇಲೆ, "ಅಯ್ಯೋ, ಟೋಪಿ ಹಾಕಿಸ್ಕೊಂಡ್ಯಲ್ಲೇ!" ಎನ್ನದೆಯೂ ಬಿಡುವವಳಲ್ಲ. ಪಾಪ, ಆಮೇಲೆ ಆ ಬಕೆಟ್ಟಿನಲ್ಲಿ ನೀರು ಹಿಡಿಯುವುದಕ್ಕೂ ಅವರಿಗೆ ಬೇಜಾರು.

"ಅಜ್ಜಿ, ಟೈಮ್ ಓಡ್ತಿದೆ!"

"ಓಡ್ಲಿ ಬಿಡು. ಆ ಬಟ್ಟೆಯಂಗಡಿಯವನೂ ನಂಗೆ ಮದುವೆಯಾದಾಗಿಂದ 'ಇದೇ ಕೊನೇ ಪೀಸು' ಅಂತಾನೇ ಇದ್ದಾನೆ."

ಚೂಟಿ ಬೇರೆ ದಾರಿ ಹಿಡಿದಳು. "ಹೋಗ್ಲಿ, ಇದು ನೋಡು. ಐನೂರು ಹಾಕಿದ್ರೆ ಇನ್ನೂ ಐನೂರು ಬೋನಸ್ ಕೊಡ್ತಾರೆ. ಸುಮ್ಮನೆ! ಫ್ರೀ!"

ಫ್ರೀ ಎಂದ ಕೂಡಲೇ ಅಜ್ಜಿ ಗುಂಡುಸೂಜಿಗಳನ್ನು ಬಾಯಿಂದ ತೆಗೆದಳು. "ಆ ಬೋನಸ್ಸಲ್ಲಿ ಏನೇನು ಬರುತ್ತೆ? ಒತ್ತು, ನೋಡೋಣ."

ಚೂಟಿ ಒತ್ತಿದಳು. ಬೋನಸ್ಸಿನ ನಾಣ್ಯಗಳು ನೀಲಿ ಬಣ್ಣದವು. ಬಿರುಗಾಳಿಯ ಮೇಲೆ ಬೆರಳಿಟ್ಟರೆ, 'ನೀಲಿ ನಾಣ್ಯ ಇಲ್ಲಿ ನಡೆಯುವುದಿಲ್ಲ' ಎಂದು ಬಂತು. ಗೋಲ್‌ಕೀಪರ್‌ಗೂ ನಡೆಯಲಿಲ್ಲ. ಶೂ ಲೇಸಿಗೆ ನಡೆಯಿತು. ಕೂದಲಿಗೆ ಬಣ್ಣ ಬಳಿಸಲು, ಗೋಲು ಹೊಡೆದ ಮೇಲೆ ಕುಣಿಯುವ ಕುಣಿತಕ್ಕೆ ನಡೆಯಿತು. ಅದೂ ಒಂದು ವಾರದೊಳಗೆ ಖರ್ಚು ಮಾಡಬೇಕು.

"ಅಂದ್ರೆ ಗೋಲು ಹೊಡೆದ ಮೇಲೆ ಕುಣಿಯೋಕೆ ದುಡ್ಡು ಕೊಡ್ತಾನೆ, ಹೊಡೆಯೋಕೆ ಮಾತ್ರ ಕೊಡಲ್ಲ," ಎಂದಳು ಅಜ್ಜಿ. "ಕಿಲಾಡಿ. ನೂರೈವತ್ತಕ್ಕೆ ಕೇಳು."

"ಇದು ಗೇಮ್ ಅಜ್ಜಿ! ಯಾರನ್ನ ಕೇಳೋದು?"

"ಬಾಯಿಲ್ಲದಿದ್ರೂ ಕಣ್ಣಿರುತ್ತೆ. ಅಂಗಡಿ ತೆಗಿ. ಅವನನ್ನ ಚೆನ್ನಾಗಿ ದಿಟ್ಟಿಸಿ ನೋಡು. ಈಗ ಮುಚ್ಚಿ ಎದ್ದುಬಿಡು. ಕರೆಯೋವರ್ಗೂ ತಿರುಗಿ ನೋಡ್ಬೇಡ."

"ಕರೀದಿದ್ರೆ?"

"ಕರೀತಾನೆ."

ಚೂಟಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆಲ್ಲ ಕೈ ತುರಿಸತೊಡಗಿತು. ಫೋನನ್ನು ದಿಂಬಿನ ಕೆಳಗಿಟ್ಟಳು. ದಿಂಬಿನ ಮೇಲೆ ಕೂತಳು. ಮಾರನೆಯ ದಿನ ಸ್ಕೂಲಿನಲ್ಲಿ ಮೇಷ್ಟ್ರು ಗುಣಾಕಾರ ಕೇಳಿದರೆ, "ಬಿರುಗಾಳಿ ಸರ್" ಎಂದು ಎದ್ದು ನಿಂತಳು. ಇಡೀ ಕ್ಲಾಸು ನಕ್ಕಿತು.

ಸಂಜೆ ಮನೆಗೆ ಬಂದಾಗ ಫೋನು ಟಣ್ ಎಂದಿತು. 'ನಿಮ್ಮನ್ನು ತುಂಬ ನೆನೆಸಿಕೊಳ್ಳುತ್ತಿದ್ದೇವೆ! ಬಿರುಗಾಳಿ ಈಗ ನೂರ ತೊಂಬತ್ತೊಂಬತ್ತಕ್ಕೆ!'

"ಅಜ್ಜೀ! ಕರೆದ!"

"ಇದು ಕರೆಯೋದಲ್ಲ, ಕೆಮ್ಮೋದು. ನಡಿ ಮುಂದೆ."

ಮರುದಿನ ಚೂಟಿಯ ತಂಡದವರೆಲ್ಲ ಪರದೆಯ ಮೇಲೆ ಸಾಲಾಗಿ ನಿಂತು ಕಣ್ಣೀರು ಸುರಿಸಿದರು. ಬೆಲೆ ತೊಂಬತ್ತೊಂಬತ್ತಾಗಿತ್ತು. "ಅಳಲಿ, ಕಣ್ಣು ಕ್ಲೀನಾಗುತ್ತೆ," ಎಂದಳು ಅಜ್ಜಿ. ಶನಿವಾರ ನಲವತ್ತೊಂಬತ್ತಕ್ಕೆ ಇಳಿಯಿತು. ಚೂಟಿಗೆ ಅಳುವುದೋ ಕುಣಿಯುವುದೋ ತಿಳಿಯಲಿಲ್ಲ.

"ಈಗ ತಗೊಳ್ಳೋಣ ಅಜ್ಜಿ, ನಾಳೆನೇ ಮ್ಯಾಚು!"

"ಇಷ್ಟು ಇಳಿದೋನು ಇನ್ನೂ ಇಳೀತಾನೆ. ಇನ್ನೊಂದು ಹೆಜ್ಜೆ ನಡಿ."

ಆ ಹೊತ್ತಿಗೆ ಚೂಟಿಗೂ ಇದರ ರುಚಿ ಹತ್ತಿತ್ತು. ಸೋಡಾಬುಡ್ಡಿಯ ಎದುರು ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು: "ಮುನ್ನೂರಾ? ನಂಗೆ ಪುಕ್ಕಟೆ ಸಿಕ್ತಪ್ಪ!" ಒಂದು ಹುಬ್ಬು ಮೇಲೆತ್ತಿ ಹೇಳಿದರೆ ಇನ್ನೂ ಚೆನ್ನಾಗಿತ್ತು.

ಭಾನುವಾರ ಸೋಡಾಬುಡ್ಡಿ ತನ್ನ ಫೋನು ಹಿಡಿದು ಬಂದವನೇ ಅಜ್ಜಿಯ ಬಟ್ಟೆ ರಾಶಿಯ ಮೇಲೆ ಕುಕ್ಕರಿಸಿದ.

"ನನ್ನ ಹತ್ರ ಬಿರುಗಾಳಿ ಇದಾನೆ!" ಅವನ ಮುಖ ಊರಗಲವಾಗಿತ್ತು. "ಸೋಮವಾರನೇ ತಗೊಂಡೆ. ಐನೂರು ಹಾಕ್ದೆ, ಬೋನಸ್ಸೂ ಬಂತು. ನೋಡು, ನೀಲಿ ಕೂದಲು!"

"ಐನೂರು ಯಾರು ಕೊಟ್ರೋ?" ಎಂದಳು ಚೂಟಿ.

"ಯಾರೂ ಕೊಟ್ಟಿಲ್ಲ. ರಜೆಯಲ್ಲಿ ಮಾವನ ಸೈಕಲ್ ಶಾಪಲ್ಲಿ ಚೈನು ಉಜ್ಜಿದ್ನಲ್ಲ? ಎಷ್ಟು ಸೋಪು ಹಾಕಿದ್ರೂ ಗ್ರೀಸ್ ವಾಸನೆ ಹೋಗ್ತಿರ್ಲಿಲ್ಲ. ಅಮ್ಮ ನನ್ನ ತಟ್ಟೇನ ಬೇರೆ ಇಡ್ತಿದ್ಲು." ಅವನು ಅಂಗೈ ಮೂಸಿ ನೋಡಿಕೊಂಡು ನಕ್ಕ.

ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಐನೂರು ಎಂಬ ಮಾತು ಅಜ್ಜಿಯ ಕಿವಿಗೆ ಬಿದ್ದಿತ್ತು.

ಮ್ಯಾಚು ಶುರುವಾಯಿತು. ಬಿರುಗಾಳಿ ನಿಜಕ್ಕೂ ಬಿರುಗಾಳಿಯೇ. ಚೂಟಿಯ ಡಿಫೆಂಡರುಗಳು ಅತ್ತ ತಿರುಗುವಷ್ಟರಲ್ಲಿ ಇತ್ತ ಗೋಲು. ಪ್ರತಿ ಗೋಲಿಗೂ ಅವನು ನೀಲಿ ಕೂದಲು ಹಾರಿಸಿಕೊಂಡು ಕೋಳಿಯಂತೆ ಕುಣಿಯುತ್ತಿದ್ದ. ಸೋಡಾಬುಡ್ಡಿಯೂ ಕೂತಲ್ಲೇ ಮೊಣಕೈ ಬಡಿದುಕೊಂಡು ಕುಣಿಯುತ್ತಿದ್ದ.

ನಾಲ್ಕನೇ ಗೋಲಾದಾಗ ಚೂಟಿಯ ಪರದೆಯ ಮೇಲೆ ಟಣ್ ಎಂದು ಒಂದು ಪಟ್ಟಿ ಇಳಿದು ಬಂತು.

'ಬಿರುಗಾಳಿ ನಿಮಗೆ ಪೂರ್ತಿ ಉಚಿತ! ಒಮ್ಮೆ ಒತ್ತಿ!'

ಚೂಟಿಯ ಹುಬ್ಬು ತಾನಾಗಿಯೇ ಮೇಲೆ ಹೋಯಿತು. ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅವಳು ಸೋಡಾಬುಡ್ಡಿಯ ಕಡೆ ತಿರುಗಿದಳು.

ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಪರದೆಗೆ ಮೂಗು ತಾಗಿಸುವಂತೆ ಬಗ್ಗಿದ್ದ. ತನ್ನ ಬಿರುಗಾಳಿಯನ್ನೇ ನೋಡುತ್ತಿದ್ದ.

"ಚೆನ್ನಾಗಿದಾನಲ್ವಾ?" ಎಂದ. ಅದರಲ್ಲಿ ಜಂಬವೇ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಅಜ್ಜಿ ಮೆಷಿನ್ ಬಿಟ್ಟು ಕತ್ತು ಚಾಚಿದಳು. "ಟಣ್ ಅಂದಂಗಾಯ್ತಲ್ಲ, ಏನಂತೆ? ಎಷ್ಟಕ್ಕೆ..."

ಚೂಟಿ ಪಟ್ಟಿಯ ಮೇಲೆ ಬೆರಳಿಟ್ಟು ಪಕ್ಕಕ್ಕೆ ತಳ್ಳಿದಳು. ಅದು ಮಾಯವಾಯಿತು.

"ಏನಿಲ್ಲ ಅಜ್ಜಿ. ಚಾರ್ಜ್ ಮುಗೀತಿದೆಯಂತೆ."

ಅಜ್ಜಿ ಅವಳ ಫೋನನ್ನು ನೋಡಿದಳು. ಅದು ಚಾರ್ಜರಿಗೆ ಸಿಕ್ಕಿಸಿಯೇ ಇತ್ತು. ಅಜ್ಜಿಯ ದೃಷ್ಟಿ ಹುಡುಗನ ಕಡೆಗೂ, ಅವನ ಉಗುರಂಚಿನಲ್ಲಿ ಇನ್ನೂ ಉಳಿದಿದ್ದ ಕಪ್ಪಿನ ಕಡೆಗೂ ಹೋಯಿತು. ಏನೋ ಹೇಳಲು ತೆರೆದ ಬಾಯಿಗೆ ಎರಡು ಗುಂಡುಸೂಜಿ ಇಟ್ಟುಕೊಂಡು ಮೆಷಿನ್ ತುಳಿಯತೊಡಗಿದಳು.

"ಲೋ," ಚೂಟಿ ಅವನ ಪಕ್ಕಕ್ಕೆ ಜರುಗಿದಳು. "ಆ ಕೋಳಿ ಕುಣಿತ ಇನ್ನೊಂದ್ಸಲ ತೋರ್ಸು. ಕಾಲು ಹೇಗೆ ಹಾಕ್ತಾನೆ ಅಂತ ಸರಿಯಾಗಿ ಕಾಣಿಸ್ಲಿಲ್ಲ."

"ಅದಕ್ಕೆ ನಾನು ಇನ್ನೊಂದು ಗೋಲ್ ಹೊಡೀಬೇಕು!"

"ಹೊಡಿ ನೋಡೋಣ," ಎಂದು ಚೂಟಿ ತನ್ನ ನಿಧಾನದ ಸ್ಟ್ರೈಕರನ್ನು ಬಾಲಿನ ಕಡೆಗೆ ಓಡಿಸಿದಳು.