ಆಟಕ್ಕೆ ಸೇರಿಸಿಕೊಂಡವಳು

ಇದು ನಡೆದದ್ದು ನಡುಮಧ್ಯಾಹ್ನ, ನನ್ನ ಕಣ್ಣೆದುರಿಗೇ. ಹೊಸ ಊರಿಗೆ ಬಂದ ಮೇಲೆ ಜೊತೆಗಾರರಿಲ್ಲದೆ ಮಂಕಾಗಿದ್ದ ಮೊಮ್ಮಗಳು, ಕಂಪ್ಯೂಟರ್‌ನಲ್ಲಿ ಆಡುವವರ ಗುಂಪೊಂದಕ್ಕೆ ಅರ್ಜಿ ಹಾಕಿದ್ದಳು. ಸೇರಬೇಕಾದರೆ ಒಳಗಿರುವವರೊಬ್ಬರು ‘ಇವಳು ನಮಗೆ ಗೊತ್ತು’ ಎನ್ನಬೇಕಂತೆ.

“ಯಾರಿಗಾದ್ರೂ ಗೊತ್ತೇನ್ರೋ ಇವಳು?” ಗುಂಪಿನ ನಾಯಕ ಸ್ಪೀಕರಿನಲ್ಲಿ ಕೇಳಿದ. “ಗೊತ್ತಿಲ್ಲ”, “ನಂಗೂ ಗೊತ್ತಿಲ್ಲ” ಎಂದವು ದನಿಗಳು. ಮೊಮ್ಮಗಳ ಕಣ್ಣು ತುಂಬಿತು.

ಸೆಕೆಗೆ ಬೆವರುತ್ತಿದ್ದ ನನ್ನ ಬೆನ್ನಿಗೆ ಏನೋ ತಣ್ಣಗೆ ಸೋಕಿತು. ಆಗಲೇ ಸ್ಪೀಕರಿನಿಂದ ಒಬ್ಬ ಹುಡುಗಿಯ ದನಿ ಬಂತು: “ನಮ್ಮ ಗುಬ್ಬಿಯ ಮೊಮ್ಮಗಳು ಕಣ್ರೋ. ಸೇರಿಸ್ಕೊಳ್ರೋ, ಸುಮ್ನೆ ಅಳಿಸ್ಬೇಡಿ.”

ನನ್ನನ್ನು ಗುಬ್ಬಿ ಎನ್ನುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಬೀದಿಯ ಮಕ್ಕಳು ಚಿಕ್ಕವಳೆಂದು ನನ್ನನ್ನು ಆಟದಿಂದ ದೂರವಿಟ್ಟರೆ, ಬೆನ್ನಿಗೆ ಅಂಗೈ ಒತ್ತಿ ಮುಂದಕ್ಕೆ ತಳ್ಳುತ್ತ ಹೀಗೇ ಜಗಳ ಕಾಯುತ್ತಿದ್ದಳು. ನಾನು ಅವಳೆತ್ತರಕ್ಕೆ ಬೆಳೆಯುವ ಮೊದಲೇ ಜ್ವರ ಬಂದು ತೀರಿಕೊಂಡಳು.

ಮೊಮ್ಮಗಳು ಕಣ್ಣೊರೆಸಿಕೊಂಡು ನಕ್ಕಳು. ನಾನು ಮೈಕಿಗೆ ಬಾಗಿ, “ಆ ಹುಡುಗಿ ಯಾರಪ್ಪಾ?” ಎಂದೆ.

“ನಾವ್ಯಾರೂ ಮುಖ ನೋಡಿಲ್ಲ ಅಜ್ಜಿ. ಆದ್ರೆ ನಮ್ಮನ್ನೆಲ್ಲ ಸೇರಿಸ್ಕೊಂಡಿದ್ದೇ ಅವಳು,” ಎಂದ ನಾಯಕ. “ಇಗೋ, ಕೇಳ್ತಾನೇ ಇದಾಳಲ್ಲ, ನಿಮಗೆ ಕೇಳಿಸ್ತಿಲ್ವಾ? ‘ಗುಬ್ಬಿಗೂ ಜಾಗ ಹಿಡಿದಿಟ್ಟಿದೀನಿ, ಅವಳು ಯಾವಾಗ ಬರ್ತಾಳೆ?’ ಅಂತ.”