ಇನ್ನೂರ ಹದಿಮೂರನೆಯ ಚೀಟಿ

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಟಿಲ್ಸನ್ ಊರಿನ ಮತಪೆಟ್ಟಿಗೆ ಕಾಣೆಯಾಯಿತು.

ಮೊದಲು ನೋಡಿದವಳು ಊರಿನ ಗುಮಾಸ್ತೆ ಹೆಸ್ಟರ್ ಕೋಲ್ಬಿ. ಅವಳು ಕಿರುಚಿದ ರಭಸಕ್ಕೆ ಸಭಾಭವನದ ನೆಲಮಾಳಿಗೆಯಲ್ಲಿ ಊಟಕ್ಕೆ ಕುಳಿತಿದ್ದ ಇನ್ನೂರು ಜನರ ಚಮಚಗಳು ತಟ್ಟನೆ ನಿಂತವು.

ಲೀಟಾ ಬುಶೀ ಬಾಯಲ್ಲಿದ್ದ ಬೀನ್ಸ್ ನುಂಗಿ ಎದ್ದಳು. ಅವಳು ಊರಿನ ಕಾನ್‌ಸ್ಟೇಬಲ್. ಪ್ರತಿ ಮಾರ್ಚ್ ತಿಂಗಳ ಊರಸಭೆಯಲ್ಲಿ ಅವಳನ್ನೇ ಆರಿಸುತ್ತಿದ್ದರು, ಏಕೆಂದರೆ ಬೇರೆ ಯಾರಿಗೂ ಆ ಕೆಲಸ ಬೇಕಿರಲಿಲ್ಲ. ಇವತ್ತೂ ಅದೇ ಸಭೆ, ಬೆಳಿಗ್ಗೆ ಮತ ಹಾಕಿ ಊರೆಲ್ಲ ಊಟಕ್ಕೆ ಇಳಿದಿತ್ತು. ವರ್ಷಕ್ಕೆ ಮೂರು ತಪ್ಪಿಸಿಕೊಂಡ ಹಸು, ಹತ್ತು ಬೊಗಳುವ ನಾಯಿ. ಅಪರಾಧ ಎಂದರೆ ಇಷ್ಟೇ ಕಂಡಿದ್ದವಳು ಮೆಟ್ಟಿಲು ಹತ್ತಿದಳು.

ಮೇಲೆ ಹೆಸ್ಟರ್ ಬಾವುಟದ ಪಕ್ಕದ ಖಾಲಿ ಮೇಜನ್ನೇ ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದಳು. ಕೊರಳಲ್ಲಿ ಪೆಟ್ಟಿಗೆಯ ಬೀಗದ ಕೈ ಹಾಗೇ ಇತ್ತು.

"ಇಲ್ಲೇ ಇಟ್ಟಿದ್ದೆ ಕಣೇ. ಪ್ರತಿ ವರ್ಷ ಇಲ್ಲೇ ಇಟ್ಟು ಊಟಕ್ಕೆ ಹೋಗ್ತೀನಿ. ಮೂವತ್ತೆರಡು ವರ್ಷದಿಂದ!"

"ಕಾವಲಿಗೆ ಯಾರೂ ಇರ್ಲಿಲ್ವಾ?"

"ಯಾವತ್ತು ಇದ್ರು? ನಮ್ಮೂರ ಪೆಟ್ಟಿಗೆನ ನಮ್ಮೂರೋರು ಕದೀತಾರಾ?"

ಅದೇ ಪ್ರಶ್ನೆ ಲೀಟಾಳನ್ನೂ ಕೊರೆಯುತ್ತಿತ್ತು. ಪೆಟ್ಟಿಗೆಯಲ್ಲಿದ್ದದ್ದು ಸಣ್ಣ ವಿಷಯವಲ್ಲ. ಊರಿನ ಶಾಲೆಯನ್ನು ಮುಚ್ಚಿ ಮಕ್ಕಳನ್ನು ವೆಲ್ಬಿ ಪಟ್ಟಣದ ಶಾಲೆಗೆ ಕಳಿಸಬೇಕೇ? 'ಹೌದು' ಎಂದರೆ ಮುಚ್ಚುವುದು. 'ಇಲ್ಲ' ಎಂದರೆ ಉಳಿಸುವುದು. ಲೀಟಾ ಅಕ್ಷರ ಕಲಿತದ್ದು ಆ ಶಾಲೆಯಲ್ಲಿ, ಅವಳ ಅಮ್ಮ ಕಲಿತದ್ದೂ ಅಲ್ಲೇ. ಅವಳು ಎರಡು ಸಲ ಯೋಚಿಸದೆ 'ಇಲ್ಲ' ಎಂದು ಬರೆದು ಹಾಕಿದ್ದಳು.

* * *

ಪೆಟ್ಟಿಗೆ ಹುಡುಕಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಭವನದ ಹಿಂದೆ ಸೌದೆ ಕೊಟ್ಟಿಗೆ. ಅದರಾಚೆ ಶಾಲೆ, ಸಭೆಯ ದಿನವಾದ್ದರಿಂದ ರಜೆ. ಮರದ ಮಿಲ್ಲಿನ ಓರಿನ್ ಪ್ರಾಕ್ಟರನ ಮೊಮ್ಮಗಳು ಮಾರ್ನಿ ಶಾಲೆಯ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಳು. ಧಪ್, ಧಪ್.

"ಯಾರಾದ್ರೂ ಈ ಕಡೆ ಬಂದ್ರೇನೇ?"

"ನೋಡ್ಲಿಲ್ಲ. ಲೆಕ್ಕ ತಪ್ಪತ್ತೆ, ಮಾತಾಡಿಸ್ಬೇಡಿ. ನೂರಾ ನಲವತ್ತು, ನೂರಾ ನಲವತ್ತೊಂದು..."

ಕೊಟ್ಟಿಗೆಯಲ್ಲಿ ಸೌದೆಯ ಮೇಲೆ ಹಸಿರು ಬಣ್ಣದ ಪೆಟ್ಟಿಗೆ ಕುಳಿತಿತ್ತು. ಬೀಗ ಭದ್ರವಾಗಿತ್ತು. ಲೀಟಾ ಅದನ್ನು ತಿರುಗಿಸಿ ನೋಡಿದಳು. ಹಿಂಬದಿಯ ಕೀಲುಗಳ ತುಕ್ಕು ಕೆದರಿತ್ತು. ಯಾರೋ ಕೀಲಿನ ಮೊಳೆಗಳನ್ನು ಹೊರಗೆ ತಳ್ಳಿ, ಮುಚ್ಚಳ ಎತ್ತಿ, ಮತ್ತೆ ಅಚ್ಚುಕಟ್ಟಾಗಿ ಹೊಡೆದು ಕೂರಿಸಿದ್ದರು. ತಳ ಅಂಟು ಅಂಟಾಗಿತ್ತು. ಮೂಸಿದಳು. ಮೇಪಲ್ ಮರದ ಸಿಹಿ ಪಾಕ.

ಕೈ ಕೆಲಸ ಬಲ್ಲವನು, ಪಾಕದ ಸಿಹಿತಿಂಡಿಯ ಹತ್ತಿರ ಸುಳಿದವನು. ಟಿಲ್ಸನ್‌ನಲ್ಲಿ ಹಾಗೆಂದರೆ ಎಲ್ಲರೂ ಆದಂತಾಯಿತು.

* * *

ಊರಿನವರು ಕಳ್ಳನನ್ನು ಆಗಲೇ ಹಿಡಿದಿಟ್ಟಿದ್ದರು. ಕೆಂಡ್ರಿಕ್ ಸ್ಲೋನ್. ಹನ್ನೊಂದು ವರ್ಷದಿಂದ ಊರಲ್ಲಿದ್ದರೂ ಎಲ್ಲರ ಬಾಯಲ್ಲಿ ಇನ್ನೂ 'ಬಯಲುಸೀಮೆಯವನು'. ತಮ್ಮ ವರ್ಮಾಂಟ್ ರಾಜ್ಯದ ಬೆಟ್ಟಗಳ ಆಚೆ ಹುಟ್ಟಿದವರಿಗೆಲ್ಲ ಅಲ್ಲಿ ಅದೇ ಹೆಸರು. ಬೆಳಿಗ್ಗೆ ಶಾಲೆ ಮುಚ್ಚಬೇಕೆಂದು ಮಾತಾಡಿದವನು ಅವನೊಬ್ಬನೇ.

"ಊಟ ಬಿಟ್ಟು ಎಲ್ಲಿಗೆ ಹೋಗಿದ್ರಿ ಸ್ಲೋನ್?" ಲೀಟಾ ಕೇಳಿದಳು.

"ಸ್ಮಶಾನಕ್ಕೆ."

"ಯಾರನ್ನ ಮಾತಾಡ್ಸೋಕೆ?" ಹಿಂದಿನಿಂದ ಯಾರೋ ಕಿಚಾಯಿಸಿದರು.

"ಮಗಳನ್ನ! ಈ ಊರಲ್ಲಿ ಫೋನಿಗೆ ಸಿಗ್ನಲ್ ಸಿಗೋದು ಅದೊಂದೇ ಜಾಗದಲ್ಲಿ ತಾನೇ?"

ಅದು ನಿಜವೇ. ಲೀಟಾ ಅವನ ಪ್ಯಾಂಟ್ ನೋಡಿದಳು. ಮೊಣಕಾಲ ತನಕ ಒದ್ದೆ. ಮಾರ್ಚ್ ತಿಂಗಳ ಮೊದಲ ವಾರ ಅಷ್ಟು ಹಿಮ ಉಳಿದಿದ್ದದ್ದು ಸ್ಮಶಾನದ ದಿಬ್ಬದಲ್ಲಿ ಮಾತ್ರ. ಕೊಟ್ಟಿಗೆಯ ದಾರಿಯಲ್ಲಿ ಬರೀ ಕೆಸರು, ಅವನ ಬೂಟಿನಲ್ಲಿ ಕೆಸರೇ ಇರಲಿಲ್ಲ.

"ಇವರಲ್ಲ," ಎಂದಳು. ಜನರ ಮುಖ ಸಪ್ಪಗಾಯಿತು. ಒಳ್ಳೆಯ ಕಳ್ಳನೊಬ್ಬ ಕೈತಪ್ಪಿ ಹೋಗಿದ್ದ.

* * *

ಎಣಿಕೆ ಎಲ್ಲರೆದುರಿಗೇ ನಡೆಯಿತು. ಹೆಸ್ಟರ್ ಒಂದೊಂದೇ ಚೀಟಿ ಬಿಡಿಸಿ ಓದಿದಳು. ಸಭೆಯ ಅಧ್ಯಕ್ಷ ಮರ್ಟನ್ ಫಿಫೀಲ್ಡ್ ಗೆರೆ ಎಳೆಯುತ್ತ ಹೋದ.

"ಹೌದು, ನೂರಾ ಆರು. ಇಲ್ಲ, ನೂರಾ ಆರು," ಎಂದು ಓದಿ ಕನ್ನಡಕ ತೆಗೆದ. "ಸಮ ಸಮ. ಸಮ ಬಂದ್ರೆ ನಿರ್ಣಯ ಬಿದ್ಹಂಗೆ. ಶಾಲೆ ಉಳೀತು."

ಜನ ಎದ್ದು ಚಪ್ಪಾಳೆ ತಟ್ಟಿದರು. ಲೀಟಾ ಕೂಡ ತಟ್ಟಿದಳು.

"ಅಧ್ಯಕ್ಷರೇ," ಹೆಸ್ಟರ್ ಮತದಾರರ ಪಟ್ಟಿ ಎತ್ತಿ ಹಿಡಿದಳು. "ಪಟ್ಟಿಯಲ್ಲಿ ನಾನು ಗುರುತು ಹಾಕಿದ್ದು ಇನ್ನೂರ ಹದಿಮೂರು ಹೆಸರು. ಚೀಟಿ ಇನ್ನೂರ ಹನ್ನೆರಡೇ ಇವೆ."

ಚಪ್ಪಾಳೆ ನಿಂತಿತು.

"ನೀನೇ ತಪ್ಪು ಎಣಿಸಿರ್ಬೇಕು ಹೆಸ್ಟರ್," ಎಂದಿತು ಒಂದು ದನಿ.

"ಬೀಗದ ಕೈ ಇರೋದೂ ಅವಳ ಹತ್ರಾನೇ," ಎಂದಿತು ಇನ್ನೊಂದು.

ಹೆಸ್ಟರ್ ಕೊರಳಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮೂವತ್ತೆರಡು ವರ್ಷದ ಹೆಸರು ಒಂದು ಚೀಟಿಗೆ ಹೋಗುತ್ತಿತ್ತು.

ಮರ್ಟನ್ ಸುತ್ತಿಗೆ ಕುಟ್ಟಿದ. "ಮೂರು ಗಂಟೆಗೆ ಹಾಲು ಕರೆಯೋರೆಲ್ಲ ಎದ್ದು ಹೋಗ್ತಾರೆ. ಕಾನ್‌ಸ್ಟೇಬಲ್ಲಮ್ಮ, ಅಷ್ಟರೊಳಗೆ ಏನಾಯ್ತು ಅಂತ ಹೇಳು. ಇಲ್ದಿದ್ರೆ ಈಗ ಬಂದ ಫಲಿತಾಂಶಾನೇ ಕಾಯಂ."

ಗಡಿಯಾರ ಎರಡು ತೋರಿಸುತ್ತಿತ್ತು.

* * *

ಲೀಟಾ ಚೀಟಿಗಳ ರಾಶಿಯ ಮುಂದೆ ಕುಳಿತಳು.

ಗೆಲ್ಲಬೇಕೆಂದು ಕದ್ದವನು ಪೂರ್ತಿ ಪೆಟ್ಟಿಗೆಯನ್ನೇ ಒಲೆಗೆ ಹಾಕುತ್ತಿದ್ದ. ಇಲ್ಲವೇ ಹತ್ತು ಚೀಟಿ ಎತ್ತುತ್ತಿದ್ದ. ಇವನು ಎತ್ತಿದ್ದು ಒಂದು. ಒಂದೇ ಒಂದು. ಯಾವುದು?

ಚೀಟಿಗಳನ್ನು ಒಂದೊಂದಾಗಿ ಮಗುಚಿದಳು. ಎಲ್ಲವೂ ಪೆನ್ಸಿಲ್ ಬರಹ. ಕಾಫಿ ಡಬ್ಬದಲ್ಲಿ ಹೆಸ್ಟರ್ ಇಟ್ಟಿದ್ದ ಮೋಟು ಪೆನ್ಸಿಲ್‌ಗಳದ್ದು. ಒಂದು ಚೀಟಿಯ ಬೆನ್ನಿನ ಮೇಲೆ ಮಾತ್ರ ಏನೋ ಒತ್ತಿಕೊಂಡಿತ್ತು. ಕೆಂಪು. ಉಗುರಿನಿಂದ ಕೆರೆದಳು. ಮೇಣ.

ಕೆಂಪು ಮೇಣ, ಮೇಪಲ್ ಪಾಕ. ಎರಡನ್ನೂ ಮನಸ್ಸಿನಲ್ಲಿ ಕೂಡಿಸುತ್ತ ಎದ್ದಳು.

ಕೋಟುಗಳನ್ನು ತೂಗುಹಾಕುವ ಕೋಣೆಗೆ ಹೋದಳು. ಅಲ್ಲಿ ಊಟಕ್ಕೆ ಪೈ ಎಂಬ ಸಿಹಿ ಕಡುಬು ತಂದವರ ಬುಟ್ಟಿಗಳು ಸಾಲಾಗಿದ್ದವು, ಹನ್ನೊಂದು. ಪ್ರತಿಯೊಂದಕ್ಕೂ ಹೆಸರು ಬರೆದ ಅಂಟುಪಟ್ಟಿ. ಏಳನೆಯ ಬುಟ್ಟಿಯ ತಳದ ಬಟ್ಟೆಯಲ್ಲಿ ಪಾಕ ಚೆಲ್ಲಿತ್ತು. ಪಾಕದಲ್ಲಿ ಹಸಿರು ಬಣ್ಣದ ಚಕ್ಕೆಗಳು.

ಅಂಟುಪಟ್ಟಿಯ ಮೇಲೆ ಮಾಸಿದ ಅಕ್ಷರ: ಎಡಿತ್ ಪ್ರಾಕ್ಟರ್.

ಎಡಿತ್ ಸತ್ತು ಎರಡು ವರ್ಷ. ಅವಳ ಬುಟ್ಟಿಯಲ್ಲಿ, ಅವಳ ತಟ್ಟೆಯಲ್ಲಿ, ಈಗ ಅಂಗಡಿಯ ಪೈ ಹಾಕಿಕೊಂಡು ತರುತ್ತಿದ್ದವನು ಅವಳ ಗಂಡ ಓರಿನ್.

ಲೀಟಾ ಬುಟ್ಟಿ ಹಿಡಿದು ಅಲ್ಲೇ ನಿಂತಳು. ಆಚೆ ಧಪ್, ಧಪ್ ಎಂದು ಚೆಂಡಿನ ಸದ್ದು. ಆ ಬಟ್ಟೆಯನ್ನು ಒಲೆಗೆ ಎಸೆದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಶಾಲೆ ಉಳಿಯುತ್ತದೆ. ಹೆಸ್ಟರ್ ಒಬ್ಬಳ ಮೇಲೆ ಅನುಮಾನ ಉಳಿಯುತ್ತದೆ, ಅಷ್ಟೇ.

ಅಷ್ಟೇ ಎಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಬುಟ್ಟಿ ಎತ್ತಿಕೊಂಡು ಸಭೆಗೆ ನಡೆದಳು.

* * *

"ಅಧ್ಯಕ್ಷರೇ, ಪೆಟ್ಟಿಗೆ ಹೊರಗೆ ಹೋಗಿದ್ದು ಇದರಲ್ಲಿ," ಎಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ಇವತ್ತು ಪೈ ಬುಟ್ಟಿ ಹಿಡ್ಕೊಂಡು ಓಡಾಡೋರನ್ನ ಯಾರೂ ತಿರುಗಿ ನೋಡಲ್ಲ."

ಸಭೆಯಲ್ಲಿ ಗುಸುಗುಸು. ಬುಟ್ಟಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

"ಓರಿನ್ ಬುಟ್ಟಿನ ಯಾರು ಬೇಕಾದ್ರೂ ಎತ್ಕೊಂಡಿರ್ಬಹುದು," ಮರ್ಟನ್ ಹೇಳಿದ. "ಅವನು ಶಾಲೆ ಸಮಿತಿ ಮುಖ್ಯಸ್ಥ. ಶಾಲೆಗೆ ಜಾಗ ಕೊಟ್ಟಿದ್ದು ಅವನ ಅಜ್ಜಿ. ಬೆಳಿಗ್ಗೆ ಉಳಿಸ್ಬೇಕು ಅಂತ ಅರ್ಧ ಗಂಟೆ ಮಾತಾಡ್ದ!"

"ನಾನೂ ಹಂಗೇ ಅಂದ್ಕೊಂಡೆ. ಆದ್ರೆ ಒಂದು ಹೇಳಿ. ಬೆಳಿಗ್ಗೆ ಬಾಯಿ ಮಾತಲ್ಲೇ ಮತ ತಗೋತಾ ಇದ್ರಿ. ಗುಟ್ಟಾಗಿ ಚೀಟಿ ಹಾಕ್ಬೇಕು ಅಂದ್ರೆ ಏಳು ಜನ ಕೈ ಎತ್ತಬೇಕು. ಆರು ಕೈ ಎದ್ದವು. ಏಳನೇದು ಯಾರ್ದು?"

ಹೆಸ್ಟರ್ ತನ್ನ ಟಿಪ್ಪಣಿ ನೋಡಿದಳು. "ಓರಿನ್‌ದು," ಎಂದಳು ಮೆಲ್ಲಗೆ.

"ಗಟ್ಟಿಯಾಗಿ ಕೂಗಿದ್ರೆ ಶಾಲೆ ಕಡೆಯೋರೇ ಗೆಲ್ತಿದ್ರು. ಎಲ್ಲರ ಮುಂದೆ 'ಮುಚ್ಚಿ' ಅನ್ನೋ ಧೈರ್ಯ ಸ್ಲೋನ್ ಒಬ್ಬರನ್ನ ಬಿಟ್ರೆ ಯಾರಿಗಿತ್ತು? ಮತ್ತೆ ಉಳಿಸೋನಿಗೆ ಗುಟ್ಟು ಯಾಕೆ ಬೇಕಿತ್ತು?"

ಅವಳು ಆ ಚೀಟಿಯ ಬೆನ್ನನ್ನು ಎತ್ತಿ ತೋರಿಸಿದಳು.

"ಕಾಣೆಯಾದ ಚೀಟಿ ಇದರ ಮೇಲೆ ಒತ್ತಿಕೊಂಡಿತ್ತು. ಕೆಂಪು ಮೇಣ. ಎಲ್ಲರೂ ಪೆನ್ಸಿಲ್‌ನಲ್ಲಿ ಬರೆದ್ರೆ ಅದು ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. ಆದ್ರೆ ಮರದ ದಿಮ್ಮಿಗೆ ಗುರುತು ಹಾಕೋ ಕೆಂಪು ಮೇಣದ ಕಡ್ಡಿ ಹಗಲೂ ರಾತ್ರಿ ಜೇಬಲ್ಲಿ ಇಟ್ಕೊಂಡಿರೋರು ಈ ಊರಲ್ಲಿ ಒಬ್ರೇ. ಊಟಕ್ಕೆ ಕೂತಾಗ ಅವರಿಗೆ ನೆನಪಾಯ್ತು. ಎಣಿಸುವಾಗ ಎಲ್ಲರೂ ನೋಡ್ತಾರೆ ಅಂತ ಎದೆ ಧಸಕ್ ಅಂತು. ತಗೊಂಡಿದ್ದು ತಮ್ಮ ಚೀಟಿ ಮಾತ್ರ. ವಾಪಸ್ ಇಡೋಕೆ ಹೊರಟಾಗ ಹೆಸ್ಟರ್ ಕಿರುಚಿದ್ಲು. ಹಂಗಾಗಿ ಕೊಟ್ಟಿಗೆಯಲ್ಲೇ ಬಿಟ್ರು. ಸರೀನಾ, ಓರಿನ್?"

ಮೂರನೆಯ ಸಾಲಿನಲ್ಲಿ ಓರಿನ್ ಪ್ರಾಕ್ಟರ್ ನಿಧಾನವಾಗಿ ಎದ್ದ. ಎಪ್ಪತ್ತರ ಆಳು, ಮರ ಕೊಯ್ಯುವ ಮಿಲ್ಲಿನ ದೊಡ್ಡ ಕೈಗಳು. ಅಂಗಿಯ ಜೇಬಿನಲ್ಲಿ ಕೆಂಪು ಕಡ್ಡಿ ಎಲ್ಲರಿಗೂ ಕಾಣುತ್ತಿತ್ತು.

"ಪೆನ್ಸಿಲ್ ಮುರೀತು," ಎಂದ. "ಕೈ ತಾನೇ ಜೇಬಿಗೆ ಹೋಯ್ತು. ಐವತ್ತು ವರ್ಷದ ಅಭ್ಯಾಸ."

ಬೂಟಿನೊಳಗೆ ಬೆರಳು ತೂರಿಸಿ ಮಡಚಿದ ಚೀಟಿ ತೆಗೆದ. ಬಿಡಿಸಿ ಎತ್ತಿ ಹಿಡಿದ. ಕೆಂಪಗೆ, ದಿಮ್ಮಿಯ ಮೇಲೆ ಬರೆದಷ್ಟು ದೊಡ್ಡದಾಗಿ, 'ಹೌದು'.

"ಮೋಸಗಾರ!" ಯಾರೋ ಕೂಗಿದರು.

"ಆಯ್ತಪ್ಪ, ಮೋಸಗಾರನೇ. ಹೆಸ್ಟರ್, ನಿನ್ನ ಮೇಲೆ ಮಾತು ಬಂದಾಗ ಸುಮ್ನೆ ಕೂತಿದ್ದೆನಲ್ಲ, ಅದಕ್ಕೆ ನಂಗೆ ಕ್ಷಮೆ ಇಲ್ಲ." ಅವನು ಉಸಿರೆಳೆದುಕೊಂಡ. "ಬೆಳಿಗ್ಗೆ ನಾನು ಮಾತಾಡಿದ್ದು ನಮ್ಮಜ್ಜಿ ಪರವಾಗಿ. ಚೀಟಿ ಬರೆದಿದ್ದು ಮಾರ್ನಿ ಪರವಾಗಿ. ಇಡೀ ಶಾಲೆಗೆ ಹದಿನೇಳು ಮಕ್ಕಳು. ನಾಲ್ಕನೇ ತರಗತಿಗೆ ಅವಳೊಬ್ಬಳೇ. ಓದೋದೂ ಒಬ್ಬಳೇ, ಆಡೋದೂ ಒಬ್ಬಳೇ. ಆ ಸದ್ದು ಕೇಳಿಸ್ತಿದೆಯಾ?"

ಎಲ್ಲರೂ ಕಿವಿಗೊಟ್ಟರು.

ಧಪ್. ಧಪ್. ಧಪ್.

"ಬೆಳಿಗ್ಗೆಯಿಂದ ಗೋಡೆ ಜೊತೆ ಚೆಂಡಾಡ್ತಿದ್ದಾಳೆ. ಎರಡು ವರ್ಷದಿಂದ ಹಿಂಗೇ. ನಮ್ಮ ಶಾಲೆ ಅಂತ ನಾವು ಎದೆ ತಟ್ಕೋತೀವಿ. ಅವಳಿಗೆ ಅದು ಬರೀ ಗೋಡೆ."

ಓರಿನ್ ಕುಳಿತ. 

ಮರ್ಟನ್ ಗಂಟಲು ಸರಿಮಾಡಿಕೊಂಡ. "ಈ ಎಣಿಕೆ ನಿಲ್ಲಲ್ಲ. ಹೊಸದಾಗಿ ಚೀಟಿ ಹಾಕಿ. ಹೆಸ್ಟರ್, ಪೆಟ್ಟಿಗೆ ನಿನ್ನ ತೊಡೆ ಮೇಲೇ ಇರ್ಲಿ."

* * *

ಐದು ಜನ ಹಾಲು ಕರೆಯಲು ಹೋಗಿದ್ದರು. ಉಳಿದ ಇನ್ನೂರ ಎಂಟು ಜನ ಮತ್ತೆ ಸಾಲು ನಿಂತರು. ಲೀಟಾಳ ಸರದಿ ಬಂದಾಗ ಅವಳು ಮೋಟು ಪೆನ್ಸಿಲ್ ಹಿಡಿದು ಬಹಳ ಹೊತ್ತು ನಿಂತಳು. ಹಿಂದಿದ್ದವರು ಕೆಮ್ಮಿದರು. ಕಡೆಗೆ ಬರೆದಳು, ಮಡಚಿ ಹಾಕಿದಳು.

ಮರ್ಟನ್ ಓದಿದ. "ಹೌದು, ನೂರಾ ಮೂವತ್ತೊಂಬತ್ತು. ಇಲ್ಲ, ಅರವತ್ತೊಂಬತ್ತು."

ಓರಿನ್‌ನ ಮಾತು ಮೂವತ್ತಕ್ಕೂ ಹೆಚ್ಚು ಜನರ ಮನಸ್ಸು ತಿರುಗಿಸಿತ್ತು. ಮೊದಲೇ 'ಹೌದು' ಎಂದವರ ಹೊಟ್ಟೆಯಲ್ಲಿ ಬೆಳಿಗ್ಗೆಯಿಂದಲೇ ಆ ಮಾತಿತ್ತು. ಹೇಳುವ ಬಾಯಿ ಮಾತ್ರ ಇರಲಿಲ್ಲ. ಚಪ್ಪಾಳೆ ಕೇಳಲಿಲ್ಲ. ಕೆಲವರು ಅತ್ತರು. ಸ್ಲೋನ್ ಕೂಡ ಗೆದ್ದವನಂತೆ ಕಾಣಲಿಲ್ಲ.

ಹೆಸ್ಟರ್ ಓರಿನ್‌ನ ಹತ್ತಿರ ಹೋಗಿ ಎಡಿತ್‌ಳ ಬುಟ್ಟಿಯನ್ನು ಅವನ ಕೈಗಿಟ್ಟಳು. "ತಟ್ಟೆ ಅಡುಗೆಮನೆಯಲ್ಲೇ ಬಿಟ್ಟಿದ್ದೀಯ. ತೊಳೆದಿಟ್ಟಿದ್ದೀನಿ," ಎಂದಳು. ಅದಕ್ಕಿಂತ ಹೆಚ್ಚು ಮಾತಾಡಲು ಅವಳಿಗೆ ಇನ್ನೂ ಮನಸ್ಸಿರಲಿಲ್ಲ. ಆಮೇಲೆ ಲೀಟಾಳ ತೋಳು ಹಿಡಿದಳು.

"ನೀನೇನು ಬರ್ದೆ?"

"ಗುಟ್ಟಿನ ಮತ ಕಣೇ."

ಲೀಟಾ ಹಿಂದಿನ ಬಾಗಿಲಿನಿಂದ ಕೆಸರಿಗೆ ಇಳಿದಳು. ಶಾಲೆಯ ಗೋಡೆ ಮಧ್ಯಾಹ್ನದ ಬಿಸಿಲಿನಲ್ಲಿ ಬೆಳ್ಳಗಿತ್ತು. ಆ ಗೋಡೆ ಕಂಡರೆ ಅವಳಿಗೆ ಅಳು ಬರುವಷ್ಟು ಪ್ರೀತಿ. ಮಾರ್ನಿ ಚೆಂಡು ಎತ್ತಿ ಎಸೆಯಲು ಸಿದ್ಧಳಾಗಿದ್ದಳು.

"ಎಷ್ಟಾಯ್ತು?"

"ಒಂಬೈನೂರ ಮೂರು."

ಲೀಟಾ ಕಾನ್‌ಸ್ಟೇಬಲ್ ಬಿಲ್ಲೆಯಿದ್ದ ಕೋಟು ಬಿಚ್ಚಿ ಬೇಲಿಗೆ ಹಾಕಿದಳು. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಿದಳು.

"ನನ್ನ ಕಡೆ ಎಸಿ," ಎಂದಳು.