ಸದ್ದು ಮಾಡದೆ ಸುಟ್ಟ ಆಂಪ್

ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ ಸತ್ತಿದೆ ಎಂಬುದು ಗೊತ್ತಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಅದನ್ನು ಕೇಳಲೆಂದೇ ಬಂದ ನಾಲ್ಕು ಜನರ ಎದುರಿಗೆ. ರೇಡಿಯೋ ಎಂದು ಎಲ್ಲರೂ ಕರೆಯುವವನು ಅದರ ಸ್ವಿಚ್ ಒತ್ತಿದ, ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಪೆಟ್ಟಿಗೆಯ ಹತ್ತಿರ ಬಗ್ಗಿದವನ ಮೂಗಿಗೆ ಸುಟ್ಟ ವಾರ್ನಿಷ್ ವಾಸನೆ ಬಡಿಯಿತು.

ರೇಡಿಯೋ ಎಂದರೆ ಆ ಗಿಟಾರ್ ಅಂಗಡಿಯ ಮಾರಾಟದವನು. ಬಾಯಿ ತೆರೆದರೆ ಮುಚ್ಚುವ ಪೈಕಿ ಅಲ್ಲ, ಅದಕ್ಕೆ ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಂತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿ ಮೇಜು ಹಾಕಿಕೊಂಡು ಇಪ್ಪತ್ತು ವರ್ಷದಿಂದ ಕೂತಿದ್ದವಳು ಅಕ್ಕ. ಕೆಟ್ಟ ಸ್ಪೀಕರುಗಳ ಜೊತೆಗೆ ಬೀದಿಯ ಒಗಟುಗಳೂ ಅವಳ ಮೇಜಿಗೇ ಬರುತ್ತಿದ್ದವು. ಬೇಕರಿಯ ಬೀಗದ ಕೈ ಕದ್ದವರು ಯಾರು, ಎದುರು ಮನೆಗೆ ಹೆಸರಿಲ್ಲದ ಪತ್ರ ಬರೆಯುವವರು ಯಾರು, ಎಲ್ಲವನ್ನೂ ಬೆಸುಗೆ ಕಡ್ಡಿ ಕೆಳಗಿಡದೆ ಪತ್ತೆ ಹಚ್ಚಿದವಳು. ಪ್ರತಿ ಸಲವೂ ರೇಡಿಯೋ ಪಕ್ಕದಲ್ಲಿರುತ್ತಿದ್ದ. ಆಮೇಲೆ ಊರಿಗೆಲ್ಲ ಹೇಳುವಾಗ ಅರ್ಧ ಪತ್ತೇದಾರಿಕೆ ತನ್ನದೇ ಎನ್ನುವ ಹಾಗೆ ಹೇಳುತ್ತಿದ್ದ.

ಈ ಸಲ ಸುಟ್ಟದ್ದು ಅಕ್ಕನದೇ ಆಂಪ್. ದಪ್ಪ ಗಾಜಿನ ವಾಲ್ವುಗಳ, ಸದ್ದನ್ನು ಒರಟಾಗಿ ಉಬ್ಬಿಸುವ ಹೈ-ಗೇನ್ ಪೆಟ್ಟಿಗೆ. ಅದರ ಟ್ರಾನ್ಸ್‌ಫಾರ್ಮರಿನ ತಂತಿಯನ್ನೂ ಅವಳೇ ಕೂತು ಸುತ್ತಿದ್ದಳು. ಎರಡು ವರ್ಷದ ಕೆಲಸ. ಅದನ್ನು ಕೇಳಲು ಬಂದದ್ದು ಮೆಟಲ್ ಎಂಬ ಅಬ್ಬರದ ಸಂಗೀತದ ಒಂದು ಬ್ಯಾಂಡು. ಸೋಮವಾರ ಅವರ ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್. ಅಕ್ಕನ ದೊಡ್ಡ ಆಂಪ್ ಒಂದು ಕಡೆ, ಕಾರ್ಖಾನೆಯಿಂದ ಬಂದ ಸಣ್ಣ ಟ್ರಾನ್ಸಿಸ್ಟರ್ ಆಂಪ್ ಇನ್ನೊಂದು ಕಡೆ. ಎರಡರಲ್ಲಿ ಒಂದನ್ನು ಅವತ್ತು ಆರಿಸಬೇಕಿತ್ತು.

ಬೆಳಿಗ್ಗೆ ಎರಡನ್ನೂ ಒಂದು ಸುತ್ತು ಕೇಳಿದ್ದರು. ಸ್ಪೀಕರ್ ಪೆಟ್ಟಿಗೆ ಒಂದೇ, ಅದರ ಕೇಬಲ್ಲೂ ಒಂದೇ. ರೇಡಿಯೋ ಅದನ್ನು ಕಿತ್ತು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಚುಚ್ಚುತ್ತ, ಹಾಗೆ ಚುಚ್ಚುವಾಗಲೂ ಭಾಷಣ ಮಾಡುತ್ತಿದ್ದ. "ಗೇನ್ ಏರಿಸಿದ್ರೆ ಯಾವ ಡಬ್ಬಾನಾದ್ರೂ ಅರಚುತ್ತೆ ಸ್ವಾಮಿ. ತಂತಿನ ಅಂಗೈಯಲ್ಲಿ ಅದುಮಿದ ತಕ್ಷಣ ಸದ್ದು ಕತ್ತರಿಸಿದ ಹಾಗೆ ನಿಲ್ಬೇಕು. ಕೆಸರಾಗ್ಬಾರ್ದು. ಅದು ನೋಡಿ ಮೆಟಲ್!"

ಗಿಟಾರ್ ನುಡಿಸಿದವರು ಬ್ಯಾಂಡಿನ ಮೇಷ್ಟ್ರು. ಊರಿನ ಅರ್ಧ ಗಿಟಾರಿಗರಿಗೆ ಕಲಿಸಿದವರು, ಕಿವಿ ಅಂದರೆ ಅವರದು ಎಂದು ಹೆಸರಾದವರು. ಅವರು ಕೀಚು ದನಿ ಹೆಚ್ಚಿಸುವ ಟ್ರೆಬಲ್ ಗುಂಡಿ ಏರಿಸುತ್ತಲೇ ಹೋದಾಗ ಹಾಡುವವಳು ಮುಖ ಹಿಂಡಿದಳು. ಅವಳು ವಾರವಿಡೀ ಶಿಶುವಿಹಾರದ ಟೀಚರ್, ವಾರದ ಕೊನೆಗೆ ಮೈಕಿನ ಮುಂದೆ ಹುಲಿ. "ಸಾಕು ಮೇಷ್ಟ್ರೇ, ಕಿವಿಗೆ ಸೂಜಿ ಹಾಕ್ದಂಗಾಗುತ್ತೆ" ಎಂದಳು. "ಇನ್ನೂ ಸ್ವಲ್ಪ ಬೇಕು" ಎಂದರು ಮೇಷ್ಟ್ರು. ಒಮ್ಮೆ ಸಣ್ಣ ಆಂಪ್ ಕೀಂ ಎಂದು ಕಿರುಚಿದಾಗ ಎಲ್ಲರೂ ಕಿವಿ ಮುಚ್ಚಿಕೊಂಡರು. ಮೇಷ್ಟ್ರು ಮಾತ್ರ ತಂತಿಯ ಶ್ರುತಿ ಕೂಡಿಸುತ್ತ ನಿಂತಿದ್ದರು; ಅವರ ಒಡಹುಟ್ಟಿದ ತಮ್ಮ ಬಂದು ಮೊಣಕೈ ಮುಟ್ಟಿದ ಮೇಲೆ ತಲೆಯೆತ್ತಿದರು. ಎಂಥ ಏಕಾಗ್ರತೆ ಎಂದು ರೇಡಿಯೋ ಮೆಚ್ಚಿಕೊಂಡ.

ಆ ತಮ್ಮನೇ ಬ್ಯಾಂಡಿನ ಬೇಸ್ ಗಿಟಾರಿನವನು, ಎಲ್ಲರ ಬಾಯಲ್ಲಿ ಚಿಕ್ಕೋನು. ದೊಡ್ಡ ಆಂಪನ್ನು ಒಮ್ಮೆ ಎತ್ತಿ ನೋಡಿ ಅವನು ಹೇಳಿದ್ದ: "ಸ್ಟುಡಿಯೋ ಇರೋ ಮೂರನೇ ಮಹಡಿಗೆ ಇದನ್ನ ಹೊರೋನು ನಾನು. ಇದೊಂದು ಸುಟ್ಟು ಹೋದ್ರೆ ನನ್ನ ಸೊಂಟ ಉಳಿಯುತ್ತೆ." ಆಗ ಎಲ್ಲರೂ ನಕ್ಕಿದ್ದರು.

ಮೂರು ಗಂಟೆಗೆ ಯಾರೂ ನಗಲಿಲ್ಲ. ಅಕ್ಕ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಅವಳ ಮುಖ ನೋಡಿದ ರೇಡಿಯೋ ಚಿಕ್ಕೋನ ಕಡೆ ಬೆರಳು ತೋರಿಸಿದ.

"ಇನ್ನೇನು ಪತ್ತೆ ಹಚ್ಚೋದು ಅಕ್ಕ! ಬೆಳಿಗ್ಗೆ ಬಾಯಿಬಿಟ್ಟು ಹೇಳಿದ್ನಲ್ಲ ಇವನು, ಸುಟ್ಟು ಹೋಗ್ಲಿ ಅಂತ! ಸೊಂಟ ಉಳಿಸ್ಕೊಳ್ಳೋಕೆ ಇನ್ನೊಬ್ಬರ ಎರಡು ವರ್ಷ ಸುಟ್ಟೆಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?"

ಚಿಕ್ಕೋನು ಬೆಚ್ಚಿದ. ಅಣ್ಣನನ್ನು ಒಮ್ಮೆ ನೋಡಿದ. ಆಮೇಲೆ, "ಹಾಗಂದ್ಕೊಂಡ್ರೆ ಹಾಗೇ ಇರ್ಲಿ ಸರ್" ಎಂದ.

"ಹಾಗೇ ಇರ್ಲಿ ಅಂದ್ರೇನು?" ಡ್ರಮ್ಮಿನವನು ಗುಡುಗಿದ. ಲಾರಿ ಓಡಿಸುವವನು, ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. "ನೀನೇ ಮಾಡಿದ್ರೆ ಸೋಮವಾರ ಬರ್ಬೇಡ. ಸೋಮವಾರ ಅಷ್ಟೇ ಅಲ್ಲ, ಇನ್ನು ಯಾವತ್ತೂ ಬರ್ಬೇಡ."

ಚಿಕ್ಕೋನು ಬೇಸ್ ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಮೇಷ್ಟ್ರು ನೆಲ ನೋಡುತ್ತಿದ್ದರು.

"ಅರ್ಧ ಗಂಟೆ" ಎಂದಳು ಅಕ್ಕ. "ಯಾರೂ ಹೋಗ್ಬೇಡಿ. ಚಿಕ್ಕೋನೇ, ಜಿಪ್ ತೆಗಿ. ರೇಡಿಯೋ, ನೀನು ಬಾ."

ಹಿಂದಿನ ಕೋಣೆಯಲ್ಲಿ ಅವಳು ಪೆಟ್ಟಿಗೆ ಬಿಚ್ಚಿದಳು. ಫ್ಯೂಸ್ ಹಾರಿತ್ತು, ವಾಲ್ವುಗಳು ನೆಟ್ಟಗಿದ್ದವು. ಸ್ಪೀಕರಿಗೆ ಸದ್ದು ಕಳಿಸುವ ಟ್ರಾನ್ಸ್‌ಫಾರ್ಮರ್ ಮಾತ್ರ ಕರಕಲಾಗಿತ್ತು. "ಊಟಕ್ಕೆ ಹೋಗೋವಾಗ ಗುಂಡಿಗಳೆಲ್ಲ ಎಲ್ಲಿದ್ವು?" ಎಂದು ಕೇಳಿದಳು.

"ಸೊನ್ನೆಗೆ ತಿರುಗಿಸಿದ್ದೆ. ಅದು ನನ್ನ ಅಭ್ಯಾಸ ಅಲ್ವಾ."

ಈಗ ಗೇನ್ ಏಳರಲ್ಲಿತ್ತು. ವಾಲ್ಯೂಮ್ ಹತ್ತು, ಟ್ರೆಬಲ್ ಹತ್ತು.

"ಸ್ಪೀಕರ್ ಕೇಬಲ್ ಯಾವುದಕ್ಕೆ ಹಾಕಿ ಹೋಗಿದ್ದೆ?"

"ದೊಡ್ಡದಕ್ಕೇ. ಈಗ್ಲೂ ಅದರಲ್ಲೇ ಇತ್ತಲ್ಲ, ನೀವೇ ನೋಡಿದ್ರಿ."

ಅಕ್ಕ ಹೂಂ ಎಂದು ಪಕ್ಕದ ದರ್ಜಿಯನ್ನು ಕರೆಸಿದಳು. ಅಂಗಡಿಯವರೆಲ್ಲ ಊಟಕ್ಕೆ ಹೋದಾಗ ಬಾಗಿಲ ಮೇಲೆ ಕಣ್ಣಿಡುವವನು ಅವನೇ. "ನಾಲ್ಕೂ ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದ್ರು" ಎಂದ ದರ್ಜಿ. "ಯಾರು ಎಷ್ಟು ಹೊತ್ತು ಅಂತ ಕೇಳ್ಬೇಡಿ, ನಾನು ಸೂಜಿ ನೋಡ್ಲೋ ಬಾಗಿಲು ನೋಡ್ಲೋ? ಆದ್ರೆ ಒಂದು ಮಾತು. ಬೆಳಿಗ್ಗೆಯಿಡೀ ಗೋಡೆ ನಡುಗಿ ನನ್ನ ಗುಂಡಿ ಡಬ್ಬ ಎರಡು ಸಲ ಬಿತ್ತು. ಮಧ್ಯಾಹ್ನ ಮಾತ್ರ ಒಂದು ಸದ್ದಿಲ್ಲ. ಹಾಯಾಗಿ ನಾಲ್ಕು ಕಾಲರ್ ಮುಗಿಸ್ದೆ."

"ಒಂದು ಸದ್ದೂ ಇಲ್ವಾ?"

"ಇಲ್ಲ ಅಂದ್ನಲ್ಲ."

ದರ್ಜಿ ಹೋದ ಮೇಲೆ ಅಕ್ಕ ರೇಡಿಯೋನ ಟಿಪ್ಪಣಿ ಪುಸ್ತಕ ಕೇಳಿದಳು. ಬೆಳಗಿನ ಪುಟದಲ್ಲಿ ಅವನದೇ ದುಂಡಕ್ಷರ: ಮೊದಲು ದೊಡ್ಡದು, ಆಮೇಲೆ ಸಣ್ಣದು, ಮತ್ತೆ ದೊಡ್ಡದು, ಕೊನೆಗೆ ಸಣ್ಣದು, ಊಟ.

ಕೊನೆಗೆ ಸಣ್ಣದು. ರೇಡಿಯೋ ಆ ಸಾಲನ್ನು ಮತ್ತೆ ಓದಿದ. ಸಣ್ಣದು ಕೊನೆಗೆ ಮೊಳಗಿದ್ದರೆ ಕೇಬಲ್ ಸಣ್ಣದರಲ್ಲೇ ಇರಬೇಕು. ಅದನ್ನು ಕಿತ್ತು ದೊಡ್ಡದಕ್ಕೆ ಹಾಕಿದ ನೆನಪನ್ನು ಎಷ್ಟು ಕೆದಕಿದರೂ ಸಿಗಲಿಲ್ಲ. ಮಾತಾಡುತ್ತ ಮಾತಾಡುತ್ತ ಎದ್ದು ಊಟಕ್ಕೆ ಹೋಗಿದ್ದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳಬೇಕು ಎಂದುಕೊಂಡ. ಬದುಕಿನಲ್ಲಿ ಮೊದಲ ಸಲ ಅವನಿಗೆ ಬಾಯಿ ಕೈಕೊಟ್ಟಿತು.

"ಎಲ್ಲರನ್ನೂ ಇಲ್ಲಿಗೆ ಕರಿ" ಎಂದಳು ಅಕ್ಕ.

ನಾಲ್ವರೂ ಬಂದು ಮೇಜಿನ ಸುತ್ತ ನಿಂತರು. ಹಾಡುವವಳು ಬಂದ ಕೂಡಲೇ ಹಣೆ ಒತ್ತಿಕೊಂಡಳು. "ಅಕ್ಕ, ಆ ಕೀ ಅನ್ನೋದನ್ನ ಮೊದ್ಲು ನಿಲ್ಲಿಸಿ, ತಲೆ ಸಿಡೀತಿದೆ."

"ಹೌದು, ಏನದು, ಸೊಳ್ಳೆ ಸಂತೆ!" ಎಂದ ಡ್ರಮ್ಮಿನವನು.

"ಯಾವುದು?" ಎಂದರು ಮೇಷ್ಟ್ರು.

ಚಿಕ್ಕೋನು ಕಣ್ಣು ಮುಚ್ಚಿಕೊಂಡ. ಅಕ್ಕ ಮೇಜಿನ ಮೇಲೆ ತಾನೇ ಹಚ್ಚಿಟ್ಟಿದ್ದ, ಕೀಚು ದನಿ ಹೊರಡಿಸುವ ಪರೀಕ್ಷೆಯ ಯಂತ್ರವನ್ನು ಆರಿಸಿದಳು. ಸಣ್ಣ ಸಿಳ್ಳೆ ನಿಂತಿತು.

"ಹೀಗೆ ಮಾಡಿದ್ದಕ್ಕೆ ನನಗೇ ನಾಚಿಕೆ ಆಗ್ತಿದೆ ಮೇಷ್ಟ್ರೇ" ಎಂದಳು. "ಆದ್ರೆ ಮಾಡದ ತಪ್ಪಿಗೆ ಒಬ್ಬ ಚೀಲ ಕಟ್ಟಿದ್ದ. ಅದಕ್ಕೆ ಬಿಡಿಸಿ ಹೇಳ್ತೀನಿ, ಕೇಳಿ. ಆಂಪ್ ಸುಟ್ಟಿದ್ದು ಯಾರೋ ನೀರು ಸುರಿದಿದ್ದಕ್ಕಲ್ಲ, ತಂತಿ ಕತ್ತರಿಸಿದ್ದಕ್ಕಲ್ಲ. ವಾಲ್ವ್ ಆಂಪಿಗೆ ಸ್ಪೀಕರ್ ಸಿಕ್ಕಿಸದೆ ಜೋರಾಗಿ ನುಡಿಸಿದ್ರೆ ಹೊರಗೆ ಹೋಗೋ ದಾರಿ ಇಲ್ಲದೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಡುತ್ತೆ. ಹಾಗೇ ಸುಟ್ಟಿದೆ. ವಾಲ್ಯೂಮ್ ಹತ್ತರಲ್ಲಿದ್ರೂ ದರ್ಜಿಗೆ ಒಂದು ಸದ್ದು ಕೇಳಿಲ್ಲ. ಅಂದ್ರೆ ಆಗ ಕೇಬಲ್ ದೊಡ್ಡದರಲ್ಲಿ ಇರ್ಲಿಲ್ಲ. ಆಮೇಲೆ ಯಾರೋ ತಂದು ಸಿಕ್ಕಿಸಿದ್ದಾರೆ."

"ಯಾರಾದ್ರೂ ಆಗಿರ್ಬೋದಲ್ಲ" ಎಂದಳು ಹಾಡುವವಳು.

"ಗಿಟಾರ್ ಹಿಡಿದು ನುಡಿಸದೆ ಬರೀ ಗುಂಡಿ ತಿರುಗಿಸಿದ್ರೆ ಸುಡಲ್ಲ. ನುಡಿಸೋಕೆ ಬರೋದು ಅಣ್ಣ ತಮ್ಮ ಇಬ್ಬರಿಗೇ. ಇನ್ನು ಟ್ರೆಬಲ್ ನೋಡಿ, ಹತ್ತರಲ್ಲಿದೆ. ಸುಡೋಕಂತಲೇ ಬಂದವರಿಗೆ ಟ್ರೆಬಲ್ ಯಾಕೆ ಬೇಕು? ಗೇನು, ವಾಲ್ಯೂಮು ಸಾಕು. ಟ್ರೆಬಲ್ ಏರಿಸಿದವರು ಏನನ್ನೋ ಕೇಳಿಸ್ಕೊಳ್ಳೋಕೆ ಒದ್ದಾಡ್ತಿದ್ರು. ಸ್ಪೀಕರ್ ಇಲ್ಲದಿದ್ರೂ ಆಂಪ್ ಪೂರ್ತಿ ಮೂಕ ಆಗಲ್ಲ. ನುಡಿಸಿದ್ದನ್ನ ಟ್ರಾನ್ಸ್‌ಫಾರ್ಮರೇ ಒಳಗೆ ಸಣ್ಣಗೆ ಕುಂಯ್ ಅಂತ ಹಾಡುತ್ತೆ. ಚಿಕ್ಕೋನಾಗಿದ್ರೆ ಅದು ಕೇಳಿದ ತಕ್ಷಣ ಹಿಂದೆ ಬಗ್ಗಿ ಕೇಬಲ್ ನೋಡ್ತಿದ್ದ. ಆ ಸಣ್ಣ ಸದ್ದು ಕಿವಿಗೆ ಬೀಳದವರು ಮಾತ್ರ ಸುಡೋ ತನಕ ಏರಿಸ್ತಾ ಹೋಗ್ತಾರೆ."

ಮೇಷ್ಟ್ರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಬೆಳಿಗ್ಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗ್ಲಿಲ್ಲ" ಎಂದರು. "ಮೂರು ಗಂಟೆಗೆ ಎಲ್ಲರೂ ನನ್ನ ಮುಖ ನೋಡ್ತಾರೆ, ಯಾವುದು ಮೇಷ್ಟ್ರೇ ಅಂತ. ಅದಕ್ಕೆ ಒಬ್ನೇ ಬಂದು ಇನ್ನೊಂದು ಸಲ ಕೇಳೋಣ ಅಂತ ಬಂದೆ. ದೊಡ್ಡದು ಹಾಕಿದೆ. ಏನೂ ಇಲ್ಲ. ಏರಿಸಿದೆ, ಏನೂ ಇಲ್ಲ. ಹೊರಗೆ ಬಸ್ಸು ಹೋಗಿದ್ದು ಕೇಳ್ತು, ಗಿಟಾರ್ ಮಾತ್ರ ಇಲ್ಲ. ಗಿಟಾರ್ ನನ್ನ ಕಿವಿ ಬಿಟ್ಟು ಹೋಯ್ತು ಅಂದ್ಕೊಂಡೆ. ಎಲ್ಲ ಗುಂಡಿನೂ ಕೊನೆ ತನಕ ತಿರುಗಿಸಿ ಹುಚ್ಚನ ಥರ ನುಡಿಸಿದೆ." ಅವರು ಕೈಯಿಂದ ಬಾಯಿ ಒರೆಸಿಕೊಂಡರು. "ಆಮೇಲೆ ಕೇಬಲ್ ಕಾಣಿಸ್ತು, ಸಣ್ಣದರಲ್ಲಿ. ನಿಜ ಹೇಳ್ತೀನಿ ಅಕ್ಕ, ಖುಷಿಯಾಗಿ ನಕ್ಕುಬಿಟ್ಟೆ. ನನ್ನ ಕಿವಿ ಅಲ್ಲ, ಕೇಬಲ್ಲು! ಆಗ ವಾಸನೆ ಬಂತು. ಕೇಬಲ್ ದೊಡ್ಡದಕ್ಕೆ ಹಾಕಿ ಓಡಿಹೋದೆ. ತಪ್ಪು ಇವನ ಮೇಲೆ ಬಂದಾಗ್ಲೂ ಬಾಯಿ ಬಿಡ್ಲಿಲ್ಲ. ಒಡಹುಟ್ಟಿದ ತಮ್ಮ."

ಡ್ರಮ್ಮಿನವನು ಗೋಡೆ ಕಡೆ ತಿರುಗಿದ. "ಆದ್ರೆ ಕೇಬಲ್ ಸಣ್ಣದರಲ್ಲಿ ಬಿಟ್ಟಿದ್ದು ಯಾರು?" ಎಂದು ಹಾಡುವವಳು ಕೇಳಿದಳು.

ಅಕ್ಕ ಟಿಪ್ಪಣಿ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈ ಇಟ್ಟಳು. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಹೆಜ್ಜೆಯನ್ನು ವಿವರಿಸದೆ ಬಿಟ್ಟದ್ದು ಇದೇ ಮೊದಲು. ತನಗಾಗಿ ಬಿಟ್ಟಿದ್ದಾಳೆ ಎಂದು ರೇಡಿಯೋಗೆ ಗೊತ್ತಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೂ ಗೊತ್ತಾಯಿತು; ಆ ಯೋಚನೆ ಬಂದದ್ದಕ್ಕೇ ಅವನಿಗೆ ಹೇಸಿಗೆಯಾಯಿತು.

"ನಾನು" ಎಂದ. "ನಾನೇ ಬಿಟ್ಟು ಹೋಗಿದ್ದು. ವಾಲ್ವ್ ಆಂಪನ್ನ ಸ್ಪೀಕರ್ ಇಲ್ಲದೆ ಬಿಡ್ಬಾರ್ದು ಅಂತ ಊರಿಗೆಲ್ಲ ಹೇಳೋನು ನಾನೇ. ಆ ಪುಸ್ತಕ ಓದಿದಾಗ್ಲೇ ಗೊತ್ತಾಯ್ತು. ಆಗ್ಲೂ ಹೇಳ್ಲಿಲ್ಲ. ಚಿಕ್ಕೋನೇ, ನಾಚಿಕೆ ಆಗಲ್ವಾ ಅಂತ ನಿನ್ನ ಕೇಳ್ದೆ. ಆ ಮಾತು ನನಗೇ ಸಲ್ಬೇಕಾದ್ದು. ತಪ್ಪಾಯ್ತಪ್ಪ."

ಚಿಕ್ಕೋನು ತಲೆಯಾಡಿಸಿದ. ಅದು ಕ್ಷಮೆಯೋ ಬರೀ ಮರ್ಯಾದೆಯೋ ರೇಡಿಯೋಗೆ ತಿಳಿಯಲಿಲ್ಲ, ಕೇಳುವ ಮುಖವೂ ಉಳಿದಿರಲಿಲ್ಲ. ಸುಟ್ಟ ತಂತಿಯ ಉಂಡೆ ಮೇಜಿನ ಮೇಲಿತ್ತು. "ಮತ್ತೆ ಸುತ್ತಬಹುದು. ಸೋಮವಾರಕ್ಕಂತೂ ಆಗಲ್ಲ" ಎಂದಳು ಅಕ್ಕ.

"ನಿನಗೆ ಗೊತ್ತಿತ್ತಾ, ಮೇಷ್ಟ್ರೇ ಮಾಡಿದ್ದು ಅಂತ?" ಡ್ರಮ್ಮಿನವನು ಚಿಕ್ಕೋನನ್ನು ಕೇಳಿದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ.

"ಊಟದ ಹೊತ್ತಲ್ಲಿ ಒಳಗೆ ಬಂದಾಗ ವಾಸನೆ ಇತ್ತು. ಟ್ರೆಬಲ್ ಗುಂಡಿ ನೋಡ್ದೆ, ಗೊತ್ತಾಯ್ತು."

"ಹೇಳೋಕೇನಾಗಿತ್ತು ಮಾರಾಯ? ನಿನ್ನ ಬ್ಯಾಂಡಿಂದಲೇ ಆಚೆ ಹಾಕಿದ್ದೆನಲ್ಲೋ!"

"ಹೇಳಿದ್ರೆ ಅಣ್ಣನ ಕಿವಿ ವಿಷಯನೂ ಹೇಳ್ಬೇಕಿತ್ತು."

ಮೇಷ್ಟ್ರು ತಲೆಯೆತ್ತಿ ತಮ್ಮನನ್ನು ನೋಡಿದರು. "ನಿಂಗೆ ಕಿವಿ ವಿಷಯ ಯಾವಾಗ್ಲಿಂದ ಗೊತ್ತು?"

"ಎರಡು ವರ್ಷ ಆಯ್ತು ಅಣ್ಣ."

"ಎರಡು ವರ್ಷ! ಒಂದು ದಿನಾನಾದ್ರೂ ಕೇಳ್ಬಾರ್ದಿತ್ತಾ ನನ್ನ?"

"ಕೇಳಿದ್ನಲ್ಲ" ಎಂದ ಚಿಕ್ಕೋನು. "ಮೂರು ಸಲ ಕೇಳ್ದೆ. ಹಿಂದಿಂದ ಕೇಳ್ದೆ, ಮೆಲ್ಲಗೆ ಕೇಳ್ದೆ. ನೀನು ತಿರುಗಿ ನೋಡ್ಲಿಲ್ಲ."